ದ್ರವ್ಯವೂ ದಾಖಲೆಯೂ: ‘ದಿ ಪೌಡರ್ ಟಾಯ್’ ಆಟದ ಪಿಸ್ಟನ್ನನ್ನು ಕುರಿತು

ಒಂದೇ ಎಡೆಯಲ್ಲಿ ಏಕಕಾಲಕ್ಕೆ ಎರಡು ಕಾಯಗಳು ಇರಲಾರವೆಂಬುದು ಭೌತಶಾಸ್ತ್ರದ ಹಳೆಯ ನಂಬುಗೆ. ನ್ಯೂಟನ್ನನು ‘ಪ್ರಿನ್ಸಿಪಿಯ’ದ 1713ರ ಆವೃತ್ತಿಯಲ್ಲಿ ಈ ಅಭೇದ್ಯತೆಯನ್ನು ಸಕಲ ಕಾಯಗಳ ಸಾಮಾನ್ಯ ಗುಣಗಳಲ್ಲಿ ಒಂದೆಂದು ಎಣಿಸಿದನು. ಮರಳು, ನೀರು, ಲೋಹ ಮೊದಲಾದವುಗಳನ್ನು ಕಣಕಣವಾಗಿ ಅನುಕರಿಸುವ ‘ದಿ ಪೌಡರ್ ಟಾಯ್’ ಎಂಬ ಗಣಕಯಂತ್ರದ ಆಟವು ಮೇಲ್ನೋಟಕ್ಕೆ ಈ ನಿಯಮವನ್ನು ಪಾಲಿಸುವಂತೆಯೇ ತೋರುತ್ತದೆ. ಅದು ಹಾಗಲ್ಲವೆಂಬುದನ್ನು ಪಿಸ್ಟನ್ನು ಬಯಲುಮಾಡುತ್ತದೆ.

ಆಟದ ಅಂಗಳವು 612 ಪಿಕ್ಸೆಲ್ ಅಗಲ, 384 ಪಿಕ್ಸೆಲ್ ಎತ್ತರದ ಚೌಕುಳಿ. ಕಣಗಳೆಲ್ಲವೂ ಕ್ರಮಸಂಖ್ಯೆಯುಳ್ಳ ಒಂದು ಪಟ್ಟಿಯಲ್ಲಿರುತ್ತವೆ. ಇದಲ್ಲದೆ, ಯಾವ ಮನೆಯಲ್ಲಿ ಯಾವ ಕಣವಿದೆಯೆಂದು ತಿಳಿಸುವ ನಕ್ಷೆಯೊಂದುಂಟು. ಅದರಲ್ಲಿ ಮನೆಗೊಂದೇ ಕಣಕ್ಕೆ ಸ್ಥಳ. ಆಟಗಾರನು ಉಪಾಯದಿಂದ ಒಂದೇ ಮನೆಯಲ್ಲಿ ಎರಡು ಕಣಗಳನ್ನು ಪೇರಿಸಿದರೆ, ನಕ್ಷೆಯನ್ನು ಬರೆಯುವಾಗ ಕೊನೆಗೆ ಬಂದ, ಎಂದರೆ ಹೆಚ್ಚಿನ ಕ್ರಮಸಂಖ್ಯೆಯ ಕಣವು ಮೊದಲಿನದನ್ನು ಮರೆಮಾಡುತ್ತದೆ. ಪಿಸ್ಟನ್ನು ನೂಕಬೇಕಾದುದನ್ನು ಈ ನಕ್ಷೆಯಿಂದಲೇ ತಿಳಿಯುವುದರಿಂದ ಮೇಲಿನ ಕಣವಷ್ಟೇ ಮುಂದೆ ಸರಿಯುತ್ತದೆ. ಅಡಿಯದು ಇದ್ದಲ್ಲಿಯೇ ಉಳಿಯುತ್ತದೆ.

ಇದು ದೋಷವಲ್ಲವೇ, ತಿದ್ದಬಾರದೇ ಎಂದು ಕೇಳಬಹುದು. ನಕ್ಷೆಯ ಮನೆಯೊಂದನ್ನು ನೋಡಿದ ಮಾತ್ರಕ್ಕೆ ಕಣ ಸಿಗುವುದರಿಂದಲೇ ಆಟವು ವೇಗವಾಗಿ ಸಾಗುತ್ತದೆ. ಅಲ್ಲದೆ ನುರಿತ ಆಟಗಾರರು ಪೇರಿಸಿದ ಕಣಗಳನ್ನೂ ಕ್ರಮಸಂಖ್ಯೆಯ ಸರದಿಯನ್ನೂ ಬಳಸಿಕೊಂಡು ಅತ್ಯಂತ ಕಿರಿದಾದ ಎಡೆಯಲ್ಲಿ ಗಣನಯಂತ್ರಗಳನ್ನು ಕಟ್ಟಿದ್ದಾರೆ. ಅವರ ಪಾಲಿಗೆ ಈ ಕೊರತೆಯೇ ಆ ಲೋಕದ ನಿಸರ್ಗನಿಯಮ. ತಿದ್ದುವುದೆಂದರೆ ಅವರ ರಚನೆಗಳನ್ನು ಕೆಡವುವುದೇ ಸರಿ.

ಆದುದರಿಂದ ಆಕ್ಷೇಪಿಸಬೇಕಾದುದು ಈ ಯುಕ್ತಿಯನ್ನಲ್ಲ. ಆಟದ ಪರಿಭಾಷೆ ಹುಟ್ಟಿಸುವ ಭ್ರಮೆಯನ್ನು. ಇಲ್ಲಿ ಕಣಕ್ಕೆ ಉಷ್ಣತೆಯುಂಟು, ವಾಯುವಿಗೆ ಒತ್ತಡವುಂಟು. ಆದರೆ ಪಿಸ್ಟನ್ನಿನ ಉಷ್ಣತೆಯನ್ನು 10 ಡಿಗ್ರಿ ಏರಿಸಿದರೆ ಅದು ಒಂದು ಪಿಕ್ಸೆಲ್ ಹೆಚ್ಚಾಗಿ ಚಾಚುತ್ತದೆ! ಇದು ಲೋಹದ ವಿಕಾಸವಲ್ಲ. ಇಲ್ಲಿ ಉಷ್ಣತೆಯೆಂಬುದು ಉದ್ದವನ್ನು ಗೊತ್ತುಪಡಿಸುವ ಅಂಕೆ ಮಾತ್ರ. ಹೆಸರು ಭೌತಶಾಸ್ತ್ರದ್ದು, ಕೆಲಸ ಲೆಕ್ಕಪತ್ರದ್ದು.

ಅನುಕರಣವನ್ನು ತರಗತಿಗೆ ತರುವ ಅಧ್ಯಾಪಕರು ಈ ಭೇದವನ್ನು ಮೊದಲೇ ಸ್ಪಷ್ಟಪಡಿಸುವುದು ಅಗತ್ಯ. ಎರಡು ಕಣಗಳನ್ನು ಒಂದೇ ಮನೆಯಲ್ಲಿಟ್ಟು, ಪಿಸ್ಟನ್ನನ್ನು ಚಾಚುವ ಮುನ್ನ ಫಲವೇನೆಂದು ವಿದ್ಯಾರ್ಥಿಗಳನ್ನು ಕೇಳಲಿ. ಹಿಂದುಳಿದ ಕಣವು ದ್ರವ್ಯದ ವಿಷಯವಾಗಿ ಏನನ್ನೂ ಹೇಳದು. ದಾಖಲೆಯಲ್ಲಿ ಇಲ್ಲದುದನ್ನು ಯಾವ ಅನುಕರಣವೂ ಕದಲಿಸಲಾರದೆಂಬುದನ್ನು ಮಾತ್ರ ಚೆನ್ನಾಗಿ ಕಲಿಸುತ್ತದೆ.