ಸುಲೋಚನಾ: ಹೆಸರು ಮತ್ತು ನುಡಿ

ಇಂಗ್ಲೆಂಡಿನ ವಿನೋದರಂಗದಲ್ಲಿ ಖ್ಯಾತರಾದ ಬಡ್ ಫ್ಲಾನಗನ್ (1896–1968) ಲಂಡನ್ನಿನ ಯೆಹೂದಿ ಕುಟುಂಬದವರು. ಅವರು ಧರಿಸಿದ ಹೆಸರು ಮಾತ್ರ ಐರಿಷ್ ಜನರದು. ಭಾರತೀಯ ಚಿತ್ರರಂಗದಲ್ಲಿ ಇದಕ್ಕೆ ಸಮಾನವಾದ ನಿದರ್ಶನ ರೂಬಿ ಮೈಯರ್ಸ್ ಅವರದು. 1907ರಲ್ಲಿ ಪುಣೆಯ ಬಾಗ್ದಾದೀ ಯೆಹೂದಿ ಮನೆತನದಲ್ಲಿ ಜನಿಸಿದ ಇವರು ಬೆಳ್ಳಿತೆರೆಯಲ್ಲಿ ಸುಲೋಚನಾ ಎನಿಸಿದರು.

ಕುಲೀನ ಸ್ತ್ರೀಯರು ಚಿತ್ರಗಳಲ್ಲಿ ನಟಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಯೆಹೂದಿ ಮತ್ತು ಆಂಗ್ಲೋ-ಇಂಡಿಯನ್ ಯುವತಿಯರು ಆ ಕೊರತೆಯನ್ನು ತುಂಬಿದರೆಂಬುದು ಸಾಮಾನ್ಯ ವಿವರಣೆ. ಇದು ಸತ್ಯ, ಆದರೆ ಅಪೂರ್ಣ. ಕೊರತೆ ಅವಕಾಶವನ್ನು ಒದಗಿಸೀತು, ಕಲೆಯನ್ನು ಒದಗಿಸಲಾರದು. 1931ರಲ್ಲಿ ‘ಆಲಂ ಆರಾ’ದೊಡನೆ ತೆರೆ ಮಾತನಾಡತೊಡಗಿದಾಗ, ಹಿಂದೂಸ್ತಾನಿಯಲ್ಲಿ ಪಳಗದ ಸುಲೋಚನಾ ಕೆಲಕಾಲ ಹಿಂದೆ ಸರಿದು ಭಾಷೆಯನ್ನು ಅಭ್ಯಸಿಸಿದರು, 1932ರ ‘ಮಾಧುರಿ’ಯಿಂದ ಮರಳಿದರು. 1928ರ ಮೂಕಚಿತ್ರದಲ್ಲಿ ತಾವು ವಹಿಸಿದ್ದ ಅನಾರ್ಕಲಿಯ ಪಾತ್ರಕ್ಕೆ 1935ರ ವಾಕ್ಚಿತ್ರದಲ್ಲಿ ನುಡಿಯನ್ನೂ ಕೊಟ್ಟರು. 1953ರಲ್ಲಿ ಅದೇ ಕಥೆ ಪುನಃ ತೆರೆಗೆ ಬಂದಾಗ ಸಲೀಮನ ತಾಯಿಯಾದರು.

ಉರ್ದು, ತೆಲುಗುಗಳ ನಡುವೆ ಬಾಳುವ ಹೈದರಾಬಾದಿನ ಕನ್ನಡಿಗರಿಗೆ ಈ ಸಾಧನೆಯ ಬೆಲೆ ಸುಲಭವಾಗಿ ತಿಳಿದೀತು. ಶ್ರಮಪಟ್ಟು ಪರನುಡಿಯನ್ನು ಗಳಿಸಿದವರು ಅದರಲ್ಲಿ ಎಂದೆಂದಿಗೂ ಅತಿಥಿಗಳಾಗಿಯೇ ಉಳಿಯಬೇಕಾಗಿಲ್ಲ. ಅಂತೆಯೇ, ತಮ್ಮ ಮೂಲವನ್ನು ಮರೆಸಬೇಕಾಗಿಯೂ ಇಲ್ಲ. 1973ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಸಂದಿತು. 1983ರಲ್ಲಿ ಇವರು ನಿಧನರಾದರು. ಸುಲೋಚನಾರನ್ನು ಕೊಂಡಾಡಿ ರೂಬಿ ಮೈಯರ್ಸರನ್ನು ಮರೆಯುವ ವಿಮರ್ಶೆ, ಆ ಎರಡು ಹೆಸರುಗಳ ನಡುವಣ ದಾರಿಯನ್ನೇ ಕಾಣದೆ ಹೋಗುತ್ತದೆ. ಅವರ ಕಲೆಯ ನಿಜವಾದ ಅಳತೆ ಇರುವುದು ಆ ದಾರಿಯಲ್ಲಿ.