ಬಾಣಲೆಯ ಮತ್ತಿತ್ಯ

ವಿಜಯವಾಡದ ಭವಾನಿಪುರದಲ್ಲಿ ನಿಂತು ಇಂದ್ರಕೀಲಾದ್ರಿಯ ಕನಕದುರ್ಗೆಯ ಗುಡಿಯತ್ತ ಕಣ್ಣೆತ್ತಿದಾಗಲೆಲ್ಲ ನನ್ನ ಚಿತ್ತವು ಗರ್ಭಗೃಹವನ್ನು ಬಿಟ್ಟು ಪಾಕಶಾಲೆಯ ಕಡೆಗೇ ಹರಿಯುವುದು. ಆಗ ನೆನಪಿಗೆ ಬರುವವನು ಪ್ರಾಚೀನ ಯೆರೂಸಲೇಮಿನ ಮತ್ತಿತ್ಯ. ಬೈಬಲಿನ ಪೂರ್ವಕಾಲವೃತ್ತಾಂತದ ಪ್ರಥಮ ಗ್ರಂಥವು ತನ್ನ 9ನೆಯ ಅಧ್ಯಾಯದಲ್ಲಿ ಇವನಿಗೆ ಮೀಸಲಿಟ್ಟಿರುವುದು ಒಂದೇ ವಾಕ್ಯ: ಶಲ್ಲೂಮನ ಚೊಚ್ಚಲ ಮಗ, ಲೇವಿಯ, ಬಾಣಲೆಯಲ್ಲಿ ಸಿದ್ಧವಾಗುವ ನೈವೇದ್ಯಕ್ಕೆ ಹೊಣೆಗಾರ. ಯಾಜಕತ್ವಕ್ಕಾಗಿ ಮೋಶೆಗೆ ಎದುರುನಿಂತು ಭೂಮಿಯ ಬಾಯಿಗೆ ತುತ್ತಾದ ಕೋರಹನ ಕುಲದವನು, ತಲೆಮಾರುಗಳ ತರುವಾಯ, ಹಿಟ್ಟು ಸೀಯದಂತೆ ನೋಡಿಕೊಳ್ಳುವ ಕೆಲಸಕ್ಕೆ ನಂಬಿಗಸ್ತನೆನಿಸಿದನೆಂಬುದು ನನಗಂತೂ ಮಹಾಯಾಜಕನ ಎದೆಪದಕದ ಹನ್ನೆರಡು ರತ್ನಗಳಿಗಿಂತ ಮಿಗಿಲಾಗಿ ತೋರುತ್ತದೆ.

ಅವನ ಬಂಧುಗಳಾದ ಕೆಹಾತ್ಯರು ಪ್ರತಿ ಸಬ್ಬತ್ತಿಗೂ ಸಮ್ಮುಖದ ರೊಟ್ಟಿಗಳನ್ನು ಸಿದ್ಧಪಡಿಸುತ್ತಿದ್ದರು: ನಯವಾದ ಗೋದಿಹಿಟ್ಟಿನ 12 ರೊಟ್ಟಿ, ಆರಾರರ ಎರಡು ಸಾಲು, ಮೇಲೆ ಶುದ್ಧ ಧೂಪ. ವಾರ ಕಳೆದ ರೊಟ್ಟಿಯನ್ನು ತಿನ್ನುವ ಹಕ್ಕು ಆರೋನನ ವಂಶದ ಯಾಜಕರಿಗೆ, ನಾದಿದವರಿಗಲ್ಲ. (ನಮ್ಮ ಮಡಿಯ ಅಡಿಗೆಯವರು ಇದನ್ನು ಕೇಳಿದರೆ ಮುಗುಳ್ನಕ್ಕಾರು.) ಇನ್ನು 212 ಮಂದಿ ದ್ವಾರಪಾಲಕರಿದ್ದರು, ಅವರ ಮುಖ್ಯಸ್ಥರು ಇರುಳೆಲ್ಲ ಆಲಯದ ಸುತ್ತಲೇ ತಂಗಿದ್ದು, ಬೆಳಗಾದೊಡನೆ ಎದ್ದು ಬೀಗ ತೆಗೆಯುತ್ತಿದ್ದರು.