ಎಳೆ ಎಣಿಸುವವರ ತರಗತಿ

ಮನೆಯಿಂದ ಹೊರಗೆ ಕಾಲಿಡಲು ಹಿಂದೆಮುಂದೆ ನೋಡುತ್ತಿದ್ದ ೨೦೨೧ರ ದಿನಗಳಲ್ಲಿ ನಾನು ಒಂದು ಆನ್‌ಲೈನ್ ಕಸೂತಿ ತರಗತಿಗೆ ಸೇರಿದೆ. ಧಾರವಾಡದ ಸೀಮೆಯಲ್ಲಿ ಹುಟ್ಟಿ ಬೆಳೆದೂ ಕಸೂತಿ ಬಾರದಲ್ಲ ಎಂಬ ಕೊರಗು ನನಗೆ ಮೊದಲಿನಿಂದಲೂ ಇತ್ತು. ವಾರಕ್ಕೆ ಎರಡು ಪಾಠ, ಒಟ್ಟು ಎಂಟು ವಾರ. ಇಂಥ ತರಗತಿಗಳಿಗೆ ಈಗ ನಮ್ಮಂಥವರು ಅಡುಗೆಮನೆಯಿಂದಲೇ ಸೇರುತ್ತಿದ್ದೇವೆ. ಆದ್ದರಿಂದ ಅದರ ಗುಣದೋಷಗಳನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆನಿಸಿದೆ.

ಮೊದಲು ಗುಣ. ಕಲಿಸುವವರ ಕೈ ಬಹಳ ಚೊಕ್ಕ. ಸೂಜಿಯ ಮೊನೆ ಎಲ್ಲಿ ಇಳಿದು ಎಲ್ಲಿ ಏಳುತ್ತದೆಂಬುದು ಫೋನಿನ ಪರದೆಯ ಮೇಲೆ ಎದ್ದು ಕಾಣುತ್ತಿತ್ತು. ಒಗ್ಗರಣೆಗೆಂದು ಎದ್ದು ಹೋದರೂ ಪಾಠ ತಪ್ಪುತ್ತಿರಲಿಲ್ಲ. ರಾತ್ರಿ ಮತ್ತೆ ನೋಡಬಹುದಿತ್ತು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನೂ ಅವರು ಕ್ರಮವಾಗಿಯೇ ತೋರಿಸಿದರು.

ಆದರೆ ಹೊಲಿಗೆಯ ಹೆಸರಷ್ಟೇ ನಮ್ಮದಾಗಿತ್ತು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಬಟ್ಟೆ ಮ್ಯಾಟಿಯದೇ ಆಗಬೇಕು, ಚಿತ್ತಾರ ಗ್ರಾಫ್ ಹಾಳೆಯಿಂದಲೇ ಬರಬೇಕು. ಪಾಠದ ಹೊತ್ತಿಗೆ ಎಲ್ಲರ ಮೈಕೂ ಬಂದ್. ಮೊದಲ ಪರದೆಯಲ್ಲಿ ಇಳಕಲ್ ಸೀರೆಯ ಚೆಂದದ ಚಿತ್ರವಿತ್ತು, ಹಿನ್ನೆಲೆಗೆ ವೀಣೆ. ನಮ್ಮ ಸಂಸ್ಕೃತಿಗೆ ಸಂದ ಗೌರವ ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಒಬ್ಬ ಅಜ್ಜಿಯಿದ್ದರು. ಮೊಮ್ಮಗಳ ಫೋನಿನಲ್ಲಿ ಸೇರಿದವರು. ಎರಡನೆಯ ವಾರ ವಾಟ್ಸಾಪ್ ಗುಂಪಿಗೆ ಅವರ ಧ್ವನಿ ಬಂತು: “ಅಕ್ಕಾರ, ಗ್ರಾಫ್ ಹಾಳಿ ಯಾಕ ಬೇಕ್ರಿ? ಸೀರಿ ಮ್ಯಾಲೆ ಎಳಿ ಎಣಿಸಿ ಹಾಕಿದ್ರ ಗೋಪುರ ತಾನ ಏಳತೈತಿ.” ಅಜ್ಜಿ ಹೇಳಿದ್ದು ಸರಿಯಾದ ಮಾತು. ಗೋಪುರವಿರಲಿ, ತೇರಿರಲಿ, ತುಳಸಿಕಟ್ಟೆಯಿರಲಿ, ಬಟ್ಟೆಯ ಮೇಲೆ ಗೀಟು ಎಳೆಯದೆ ಎಳೆ ಎಣಿಸಿಯೇ ಕಸೂತಿ ಹಾಕುವುದು ನಮ್ಮ ಹಳೆಯ ರೂಢಿ. ಆ ಮಾತಿಗೆ ಉತ್ತರ ಬರಲಿಲ್ಲ. ಅದರ ಮೇಲೆ ಗುಡ್ ಮಾರ್ನಿಂಗ್ ಹೂವುಗಳು, ದೇವರ ಪಟಗಳು ಬಂದು ಬಿದ್ದವು. ಎರಡು ದಿನ ಬಿಟ್ಟು ಕಲಿಸುವವರು, ಇನ್ನು ಮುಂದೆ ತಾವೊಬ್ಬರೇ ಬರೆಯುವಂತೆ ಗುಂಪನ್ನು ಮುಚ್ಚಲೇ ಎಂದು ಕೇಳಿದರು. ಮೊದಲು ‘ಆಗಲಿ’ ಎಂದವಳು ನಾನೇ. ಫೋನು ತುಂಬುತ್ತದೆಂಬುದು ನನ್ನ ತಕರಾರಾಗಿತ್ತು.

ಗುಂಪು ಶಾಂತವಾಯಿತು. ಅಜ್ಜಿ ಮತ್ತೆ ಬರಲಿಲ್ಲ. ತಿಂಗಳಾದ ಮೇಲೆ ಮೊಮ್ಮಗಳಿಗೆ ಫೋನು ಮಾಡಿ ವಿಚಾರಿಸಿದೆ. “ನನಗೇನೂ ಬರೂದಿಲ್ಲ ಬಿಡವಾ, ಅಂದ್ಳು ಅಜ್ಜಿ” ಎಂದಳು. ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವರ ಬಾಯಿಂದ ಈ ಮಾತು ಬಂದದ್ದು ನನಗೆ ಇಂದಿಗೂ ಚುಚ್ಚುತ್ತದೆ.

ಆಮೇಲೆ ಈ ವಿಷಯವಾಗಿ ಅಷ್ಟಿಷ್ಟು ಓದಿದೆ. ಅಮೆರಿಕದ ಗ್ಲೋರಿಯಾ ಲ್ಯಾಡ್ಸನ್-ಬಿಲಿಂಗ್ಸ್ ಅವರು ಕಪ್ಪು ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದ ಶಿಕ್ಷಕರನ್ನು ಹತ್ತಿರದಿಂದ ಕಂಡು ೧೯೯೪ರಲ್ಲಿ ಒಂದು ಪುಸ್ತಕ ಬರೆದರು. ಮಕ್ಕಳು ಮನೆಯಿಂದ ತಂದ ಮಾತು ಮತ್ತು ಬದುಕನ್ನು ಆ ಶಿಕ್ಷಕರು ಕುಂದು ಎಂದು ನೋಡದೆ ಪಾಠದ ಮೆಟ್ಟಿಲು ಮಾಡಿಕೊಳ್ಳುತ್ತಿದ್ದರಂತೆ. ಇನ್ನು ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು ೨೦೦೦ದಲ್ಲಿ, ಕಂಪ್ಯೂಟರಿನ ಮೂಲಕ ಕಲಿಯುವ ಗುಂಪಿನಲ್ಲಿ ಮೂರು ಸಂಗತಿ ಇರಬೇಕೆಂದರು: ಕಲಿಸುವವರ ನಿಗಾ, ಕೂಡಿ ವಿಚಾರ ಮಾಡುವುದು, ಮತ್ತು ಒಬ್ಬರಿಗೊಬ್ಬರು ಮನುಷ್ಯರಾಗಿ ಪರಿಚಯವಾಗುವುದು. ನಮ್ಮ ತರಗತಿಯಲ್ಲಿ ಮೊದಲನೆಯದು ಮಾತ್ರ ಇತ್ತು. ಉಳಿದೆರಡಕ್ಕೆ ನಾವೇ ಬಾಗಿಲು ಹಾಕಿದ್ದೆವು.

ಗವಂತಿಯ ಪಾಠದಲ್ಲೇ ಇದು ನಮಗೆ ತಿಳಿಯಬೇಕಿತ್ತು. ಹೋಗುವಾಗ ಸೂಜಿ ಒಂದೊಂದು ಮನೆ ಬಿಟ್ಟು ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಆಗಲೇ ಸೆರಗಿನ ಎರಡೂ ಮಗ್ಗಲು ಒಂದೇ ಸಮ ಕಾಣುವುದು. ಪಾಠವೂ ಕಲಿಯುವವರಿಂದ ತಿರುಗಿ ಬರಬೇಕು. ಗುಡ್ ಮಾರ್ನಿಂಗ್ ಹೂವಿನ ಕಾಟ ಸುಳ್ಳಲ್ಲ. ಆದರೆ ಪ್ರಶ್ನೆಗೆಂದು ವಾರದಲ್ಲಿ ಒಂದು ಸಂಜೆ ಇಟ್ಟಿದ್ದರೆ, ಬರೆಯಲು ಬಾರದವರು ಮಾತಾಡಿ ಕಳಿಸಲಿ ಎಂದಿದ್ದರೆ, ಅಜ್ಜಿಗೆ ಹತ್ತು ನಿಮಿಷ ಪಾಠ ಬಿಟ್ಟುಕೊಟ್ಟಿದ್ದರೆ ಖರ್ಚೇನೂ ಬೀಳುತ್ತಿರಲಿಲ್ಲ. ನೀವು ಯಾವುದೇ ತರಗತಿಗೆ ಹಣ ಕಟ್ಟುವ ಮುನ್ನ ಪ್ರಮಾಣಪತ್ರ ಕೊಡುತ್ತೀರಾ ಎಂದು ಕೇಳುವ ಬದಲು, ನನ್ನ ಮಾತಿನಲ್ಲಿ ಪ್ರಶ್ನೆ ಕೇಳಬಹುದೇ, ನನ್ನ ಕೆಲಸವನ್ನು ಯಾರಾದರೂ ನೋಡಿ ಹೇಳುತ್ತಾರೆಯೇ ಎಂದು ಕೇಳಿರಿ.

ಆ ತರಗತಿಯ ಆರು ಜನ ಈಗ ಬೇರೆಯಾಗಿ ವಾರಕ್ಕೊಮ್ಮೆ ಫೋನಿನಲ್ಲಿ ಕೂಡುತ್ತೇವೆ. ನಮ್ಮದೇನು ಆದರ್ಶ ತರಗತಿಯಲ್ಲ. ಹೊತ್ತು ತಪ್ಪುತ್ತದೆ, ಸೊಸೆಯಂದಿರ ಸುದ್ದಿ ನಡುವೆ ಬರುತ್ತದೆ. ಎರಡು ಸಲ ಕ್ಷಮೆ ಕೇಳಿ ಕರೆದ ಮೇಲೆ ಅಜ್ಜಿಯೂ ಬಂದರು. ಮೊಮ್ಮಗಳ ಓದು ಮುಗಿದು ಫೋನು ಕೈಗೆ ಬಂದರೆ ಮಾತ್ರ. ಹೋದ ವಾರ ನನ್ನ ತೇರನ್ನು ಎಲ್ಲರೂ ಹೊಗಳುತ್ತಿದ್ದಾಗ ಅವರು, “ಹಿಂದಿನ ಮಗ್ಗಲ ತೋರಸ್ರಿ” ಎಂದರು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಮೂರನೇ ಸಾಲಿನಾಗ ಒಂದು ಎಳಿ ತಪ್ಪೇತಿ. ಬಿಚ್ಚರಿ” ಎಂದರು.

ಬಿಚ್ಚಿದೆ.